ದೂರಿನ ನಂಬರ್ ಬರೆದಿಟ್ಟುಕೊಳ್ರಿ
ಗಾಳಿಮಳೆಗೆ ತಂತಿ ಹರಿದು ಕೆಂಚನಗುಡ್ಡದ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಹದಿನೇಳು ದಿನ ಬಂದಾಗಿತ್ತು. ದಿನಾ ಫೋನು, ದಿನಾ ಹೊಸ ದನಿ, ಮೊದಲಿಂದ ಅದೇ ಪುರಾಣ. ನಾಲ್ಕನೇ ದಿನ ‘ದೂರು ಬಗೆಹರಿದಿದೆ’ ಅಂತ ಮೆಸೇಜು ಬಂತು. ತಂತಿ ನೋಡಿದ್ರೆ ಬೇವಿನ ಗಿಡಕ್ಕೇ ಜೋತುಬಿದ್ದಿತ್ತು! ಬಿಲ್ಲು ಮಾತ್ರ ಪೂರ್ತಿ ತಿಂಗಳದ್ದು.

ನನ್ನ ತಪ್ಪೇನಂದ್ರೆ, ದೂರಿನ ನಂಬರ್ ಬರೆದಿಟ್ಟಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ನಿಯಮದಂತೆ ಪ್ರತಿ ದೂರಿಗೂ ಕಂಪನಿ ನಂಬರ್ ಕೊಡಲೇಬೇಕು. ಕೆಲಸ ಆಗದಿದ್ದರೆ ಆ ನಂಬರ್ ಹಾಕಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು. ಅಲ್ಲೂ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ಕೇಳಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನಾನು ಹೊಸದಾಗಿ ದೂರು ಕೊಟ್ಟು, ನಂಬರ್ ಹಾಕಿ ಮೇಲ್ಮನವಿ ಬರೆದೆ. ಮೂರನೇ ದಿನ ಏಣಿ ಹೊತ್ತು ಬಂದ್ರು. ಬಿಲ್ಲಿನ ದುಡ್ಡು ಇನ್ನೂ ಬರಬೇಕು.