ನೆಲ ಮಟ್ಟವಾದ ದಿನ

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ ಮತ್ತು ರೂಪಾ ರಾಣಿ ತಿರ್ಕಿ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ ಚಿನ್ನ ಗೆದ್ದರು. ಲಾನ್ ಬೌಲ್ಸ್ ಎಂಬ ಆಟವೊಂದಿದೆ ಎಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾದದ್ದೇ ಆವತ್ತು. ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಮಾತ್ರ ಇದು ಊರಿನ ಬದುಕಿಗೇ ಅಂಟಿಕೊಂಡ ಆಟ. ಅಂಥ ಸಣ್ಣ ಪಟ್ಟಣದಲ್ಲಿ ಒಂದು ಬೌಲ್ಸ್ ಕ್ಲಬ್ಬು ಹೇಗೆ ಹುಟ್ಟುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಆಟದ ಪರಿಚಯ ಎರಡೇ ಮಾತಿನಲ್ಲಿ. ಚೌಕವಾದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎನ್ನುತ್ತಾರೆ. ಅದನ್ನು ರಿಂಕ್ ಎಂಬ ಉದ್ದನೆಯ ಪಟ್ಟಿಗಳಾಗಿ ಭಾಗ ಮಾಡಿರುತ್ತಾರೆ. ಜ್ಯಾಕ್ ಎಂಬ ಪುಟ್ಟ ಚೆಂಡನ್ನು ಮೊದಲು ಉರುಳಿಸಿ, ಆಮೇಲೆ ಒಂದೂವರೆ ಕಿಲೋ ಆಸುಪಾಸಿನ ದೊಡ್ಡ ಚೆಂಡುಗಳನ್ನು ಅದರ ಹತ್ತಿರ ನಿಲ್ಲುವಂತೆ ಉರುಳಿಸಬೇಕು. ಯಾರದ್ದು ಹತ್ತಿರವೋ ಅವರಿಗೆ ಅಂಕ.

ಇತಿಹಾಸಕ್ಕೆ ಬರೋಣ. 1541ರಲ್ಲಿ ಎಂಟನೆಯ ಹೆನ್ರಿಯ ಕಾಲದ ಕಾನೂನೊಂದು ಇಂಗ್ಲೆಂಡಿನ ದುಡಿಯುವ ಜನಕ್ಕೆ ಈ ಆಟವನ್ನು ನಿಷೇಧಿಸಿತ್ತು. ಕ್ರಿಸ್‌ಮಸ್ ದಿನಗಳಲ್ಲಿ ಮಾತ್ರ, ಅದೂ ಯಜಮಾನನ ಮನೆಯಲ್ಲಿ, ಆಡಬಹುದಿತ್ತು. ಆ ನಿಷೇಧ ರದ್ದಾದದ್ದು ಮೂರು ಶತಮಾನಗಳ ನಂತರ, 1845ರ ಆಗಸ್ಟ್‌ನಲ್ಲಿ. ಅದೇ ವರ್ಷದ ಜನವರಿ 1ರಂದು, ಭೂಗೋಳದ ಇನ್ನೊಂದು ತುದಿಯಲ್ಲಿ, ಇಂದಿನ ಟ್ಯಾಸ್ಮೇನಿಯಾದ ಸ್ಯಾಂಡಿ ಬೇ ಎಂಬಲ್ಲಿ ಬೀಚ್ ಟಾವರ್ನ್ ಎಂಬ ಪಾನಗೃಹದ ಹಿಂದಿನ ಹುಲ್ಲಂಗಳದಲ್ಲಿ ಆಸ್ಟ್ರೇಲಿಯಾದ ಮೊದಲ ದಾಖಲಿತ ಪಂದ್ಯ ನಡೆಯಿತು. ಆ ದ್ವೀಪಕ್ಕೆ ಬ್ರಿಟನ್ನಿನ ಕೈದಿಗಳನ್ನು ಹಡಗಿನಲ್ಲಿ ತಂದು ಇಳಿಸುತ್ತಿದ್ದ ಕಾಲ ಅದು. ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪಾನಗೃಹದ ಹಿತ್ತಿಲಿನಿಂದ ಆಟ ಊರಿನ ಕ್ಲಬ್ಬಿಗೆ ಬರಲು ಎರಡು ವಸ್ತು ಬೇಕಿದ್ದವು. ಒಂದು, ಹುಲ್ಲು ಕತ್ತರಿಸುವ ಯಂತ್ರ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಅದನ್ನು ಮಾಡಿದ್ದ. ಅಲ್ಲಿಯವರೆಗೆ ಕುಡುಗೋಲೇ ಗತಿ. ಇನ್ನೊಂದು, ಎಲ್ಲರೂ ಒಪ್ಪುವ ನಿಯಮ. ಗ್ಲಾಸ್ಗೋದ ವಿಲಿಯಂ ಮಿಚೆಲ್ 1849ರಲ್ಲಿ ಅದನ್ನು ಬರೆದುಕೊಟ್ಟ. ಊರೂರಿಗೆ ಬೇರೆ ನಿಯಮ ಇರುವ ತನಕ ಪಕ್ಕದ ಊರಿನವರನ್ನು ಪಂದ್ಯಕ್ಕೆ ಕರೆಯುವುದು ಹೇಗೆ? ಸ್ಕಾಟ್ಲೆಂಡಿನಿಂದ ವಲಸೆ ಹೊರಟವರು ಈ ನಿಯಮಗಳನ್ನೂ ಜೊತೆಗೆ ಒಯ್ದರು. 1864ರಲ್ಲಿ ಮೆಲ್ಬರ್ನ್ ಬೌಲಿಂಗ್ ಕ್ಲಬ್ ಹುಟ್ಟಿತು. 1880ರಲ್ಲಿ ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ಎರಡರಲ್ಲೂ ಪ್ರಾಂತೀಯ ಸಂಘಗಳು ಬಂದವು. ರೈಲು ಹೋದ ಕಡೆ ಆಟವೂ ಹೋಯಿತು.

ಕ್ಲಬ್ ಹುಟ್ಟುವ ಕಥೆ ಬಹುತೇಕ ಊರುಗಳಲ್ಲಿ ಒಂದೇ ಜಾಡಿನಲ್ಲಿ ಸಾಗುತ್ತದೆ. ಊರಿನ ಹತ್ತಾರು ಜನ ಸಭೆ ಸೇರುತ್ತಾರೆ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಯ್ಕೆಯಾಗುತ್ತಾರೆ, ಚಂದಾ ಪಟ್ಟಿ ತೆರೆಯುತ್ತದೆ, ಜಾಗಕ್ಕೆ ಅರ್ಜಿ ಹೋಗುತ್ತದೆ. ಗೋಡೆಯ ಫಲಕದಲ್ಲಿ ಕೆತ್ತುವ ಸ್ಥಾಪನಾ ವರ್ಷ ಸಾಮಾನ್ಯವಾಗಿ ಈ ಸಭೆಯದ್ದು. ಓದುಗರು ಎಡವುವುದು ಇಲ್ಲೇ. ಸಭೆಯಾದ ದಿನ ಇರುವುದು ಹೆಸರು ಮಾತ್ರ. ಚೆಂಡು ಉರುಳಬಲ್ಲ ನೆಲ ಇನ್ನೂ ಹುಟ್ಟಿರುವುದಿಲ್ಲ.

‘ಹುಲ್ಲು ಬೆಳೆಸುವುದು ಏನು ಮಹಾ?’ ಎಂದು ಕೇಳುವವರು ಬಹಳ. ಅವರಿಗೆ ನಾನು ಚೆಂಡನ್ನೇ ಕೈಗೆ ಕೊಟ್ಟು ಹೇಳುತ್ತೇನೆ, ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅದು ಪೂರ್ತಿ ದುಂಡಗಿಲ್ಲ. ಒಂದು ಮಗ್ಗುಲಿಗೂ ಇನ್ನೊಂದಕ್ಕೂ ಉಬ್ಬಿನಲ್ಲಿ ತುಸು ವ್ಯತ್ಯಾಸವಿದೆ. ಎರಡು ಮಗ್ಗುಲಲ್ಲೂ ಒಂದೊಂದು ಗುರುತು ಇದೆ, ಚಿಕ್ಕ ಗುರುತು ಯಾವ ಕಡೆಗಿದೆಯೋ ಚೆಂಡು ಆ ಕಡೆಗೇ ಬಾಗುತ್ತದೆ. ಇದಕ್ಕೆ ಬಯಸ್ ಎಂದು ಹೆಸರು. ಒಳಗೆ ಸೀಸ ತುಂಬಿದ್ದಾರೆ ಎಂದು ಬಹಳ ಜನ ನಂಬಿದ್ದಾರೆ. ಹಿಂದೆ ಹಾಗೆ ಭಾರ ತುಂಬಿದ್ದೂ ಉಂಟು, ಇಂದಿನ ಚೆಂಡಿನಲ್ಲಿ ಬಾಗಿಸುವುದೆಲ್ಲ ಆಕಾರವೇ. ನಾಣ್ಯವೊಂದನ್ನು ನೆಲದ ಮೇಲೆ ನಿಲ್ಲಿಸಿ ಉರುಳಿಸಿ ನೋಡಿ. ವೇಗವಿದ್ದಾಗ ನೆಟ್ಟಗೆ ಹೋಗುತ್ತದೆ, ಸೋತಂತೆಲ್ಲ ವಾಲಿ ಸುರುಳಿ ತಿರುಗುತ್ತದೆ. ಬೌಲ್ಸ್ ಚೆಂಡೂ ಹಾಗೆಯೇ. ಹೊರಟಾಗ ಬಹುತೇಕ ನೇರ, ನಿಲ್ಲುವ ಹೊತ್ತಿಗೆ ಕೊಕ್ಕೆಯಂತೆ ಒಳಕ್ಕೆ ತಿರುವು. ಬಾಗು ಹೆಚ್ಚಾಗುವುದು ಚೆಂಡು ತೀರ ನಿಧಾನವಾದಾಗ. ನೆಲದ ಅತಿ ಸಣ್ಣ ಏರುತಗ್ಗೂ ಚೆಂಡನ್ನು ದಾರಿ ತಪ್ಪಿಸುವುದು ಆಗಲೇ. ಬಾಗಿದ್ದು ಆಟಗಾರನ ಕೈಚಳಕದಿಂದಲೋ ನೆಲದ ಓರೆಯಿಂದಲೋ ಎಂದು ತಿಳಿಯದೆ ಹೋದರೆ ಆಟವೇ ಕೆಟ್ಟಿತು.

ಈಗ ಆ ಊರಿನ ಸಮಿತಿಯ ಪಾಡು ಯೋಚಿಸಿ. ಗ್ರೀನಿನ ಒಂದು ಬದಿ 31ರಿಂದ 40 ಮೀಟರ್. 40 ಮೀಟರಿನ ಚೌಕವೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 16 ಗುಂಟೆ. ಅಷ್ಟೂ ನೆಲವನ್ನು ಅಗೆದು, ನೀರು ಬಸಿಯಲು ವ್ಯವಸ್ಥೆ ಮಾಡಿ, ಮಣ್ಣು ಹರಡಿ, ಗೂಟ ನೆಟ್ಟು, ಹಲಗೆಯ ಮೇಲೆ ರಸಮಟ್ಟ ಇಟ್ಟು ಮೇಜಿನಂತೆ ಮಟ್ಟ ಮಾಡಬೇಕು. ಸುತ್ತ ಚರಂಡಿ ತೋಡಬೇಕು. ಆಮೇಲೆ ಹುಲ್ಲು. ಆಸ್ಟ್ರೇಲಿಯಾದ ಗ್ರೀನುಗಳಲ್ಲಿ ಬೆಳೆಸುವ ಕೌಚ್ ಹುಲ್ಲು ಯಾವುದು ಗೊತ್ತೆ? ನಾವು ಗಣಪತಿಗೆ ಏರಿಸುವ ಗರಿಕೆ ಮತ್ತು ಅದರ ಬಳಗದ ತಳಿಗಳು! ಗೆಣ್ಣು ಗೆಣ್ಣಿಗೂ ಬೇರು ಬಿಡುವ, ತುಳಿದಷ್ಟೂ ಚಿಗುರುವ ಆ ಗುಣವೇ ಗ್ರೀನಿಗೆ ಬೇಕಾದದ್ದು. ನಾಟಿ ಮಾಡಿದ ತುಂಡುಗಳು ಹಬ್ಬಿ, ಕೂಡಿ, ರೋಲರಿಗೆ ಮೈಯೊಡ್ಡುವ ತನಕ ಊರು ಕಾಯಬೇಕು. ನ್ಯೂಜಿಲೆಂಡಿನ ಅನೇಕ ಗ್ರೀನುಗಳಲ್ಲಿ ಹುಲ್ಲೇ ಇಲ್ಲ, ಕೊಟುಲಾ ಎಂಬ ಪುಟ್ಟ ಎಲೆಯ ನೆಲಬಳ್ಳಿ ಇರುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಗ್ರೀನಿನ ವೇಗವನ್ನು ಸೆಕೆಂಡುಗಳಲ್ಲಿ ಹೇಳುತ್ತಾರೆ. ಚೆಂಡು ಕೈಬಿಟ್ಟಲ್ಲಿಂದ ಸುಮಾರು 27 ಮೀಟರ್ ಉರುಳಿ ನಿಲ್ಲಲು ಎಷ್ಟು ಹೊತ್ತು ಎಂಬುದೇ ಅಳತೆ. 10 ಸೆಕೆಂಡಿನ ಗ್ರೀನು ನಿಧಾನದ್ದು, 15ರದ್ದು ವೇಗದ್ದು. ತಲೆಕೆಳಗಾಗಿ ಕಾಣುತ್ತದೆಯೇ? ಹುಲ್ಲು ದಟ್ಟ, ನೆಲ ಒದ್ದೆ ಇದ್ದರೆ ಜೋರಾಗಿ ತಳ್ಳಬೇಕು, ಚೆಂಡು ಬೇಗ ಹೋಗಿ ಬೇಗ ನಿಲ್ಲುತ್ತದೆ. ನೆಲ ಗಟ್ಟಿ, ನುಣುಪು ಇದ್ದರೆ ಮೆಲ್ಲಗೆ ಬಿಟ್ಟರೆ ಸಾಕು, ಅದು ಸಾವಧಾನವಾಗಿ ಸಾಗುತ್ತದೆ, ಹೆಚ್ಚು ಬಾಗುತ್ತದೆ. ನೆಲ ಒಣಗಿ ಗಟ್ಟಿಯಾಗುವ ಬಿಸಿಲಿನ ಒಳನಾಡಿನ ಊರುಗಳಿಗೆ ಈ ಆಟ ಒಗ್ಗಿದ್ದರ ಒಂದು ಗುಟ್ಟು ಇದೇ.

ಹೀಗೆ ನೆಲ ಒಪ್ಪಿಕೊಂಡ ದಿನ ಉದ್ಘಾಟನೆ, ಮೊದಲ ಚೆಂಡು, ಚಹಾ, ಪಕ್ಕದ ಊರಿನ ತಂಡ. ಆ ಚಹಾ ಬಡಿಸಿದವರು ಯಾರು ಎಂದೂ ಕೇಳಬೇಕು. ಚಿನ್ನದ ಗಣಿಯಿಂದ ಬೆಳೆದ ಸ್ಟಾವೆಲ್ ಎಂಬ ಸಣ್ಣ ಪಟ್ಟಣದಲ್ಲಿ 1881ರಲ್ಲೇ ಹೆಂಗಸರು ಬೌಲ್ಸ್ ಆಡಿದ ದಾಖಲೆಯಿದೆ. ಆಸ್ಟ್ರೇಲಿಯಾದ ಮಟ್ಟಿಗೆ ಅದೇ ಮೊದಲನೆಯದು. 1907ರಲ್ಲಿ ವಿಕ್ಟೋರಿಯಾದ ಮಹಿಳೆಯರು ತಮ್ಮದೇ ಸಂಘ ಕಟ್ಟಿಕೊಂಡರು. ಸ್ಥಾಪಕರ ಫೋಟೊದಲ್ಲಿ ಮೀಸೆ ಹೊತ್ತವರಷ್ಟೇ ಕಂಡರೂ ಕ್ಲಬ್ ಕಟ್ಟಿದವರು ಅವರಷ್ಟೇ ಅಲ್ಲ.

ಸಾರ ಇಷ್ಟು: ಓರೆಯಾಗಿ ಉರುಳುವ ಚೆಂಡಿಗೆ ಓರೆಯಿಲ್ಲದ ನೆಲ ಬೇಕು. ಆ ನೆಲವನ್ನು ಒಬ್ಬನೇ ಮಾಡಲಾರ, ಊರು ಕೂಡಿಯೇ ಮಾಡಬೇಕು. ಕ್ಲಬ್ಬಿನ ಚರಿತ್ರೆ ಆ ಕೂಡಿಕೆಯ ಚರಿತ್ರೆ.

ಇದನ್ನು ನೀವೇ ಹುಡುಕಿ ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ತಾಣದಲ್ಲಿ ಹಳೆಯ ಊರ ಪತ್ರಿಕೆಗಳು ಲಕ್ಷಗಟ್ಟಲೆ ಪುಟಗಳಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ನ್ಯೂಜಿಲೆಂಡಿನದಕ್ಕೆ ಪೇಪರ್ಸ್ ಪಾಸ್ಟ್ ಇದೆ. ಭೂಪಟದಲ್ಲಿ ಒಂದು ಸಣ್ಣ ಊರನ್ನು ಆರಿಸಿಕೊಳ್ಳಿ. ಸಭೆಯ ವರದಿ ಹುಡುಕಿ, ಅಲ್ಲಿಗೇ ನಿಲ್ಲಬೇಡಿ. ಮಣ್ಣು ಯಾರು ಹೊತ್ತರು, ಹುಲ್ಲು ಎಲ್ಲಿಂದ ಬಂತು, ಮೊದಲ ಚೆಂಡು ಯಾವತ್ತು ಉರುಳಿತು ಎಂಬುದು ಸಿಗುವವರೆಗೆ ಓದಿ.