ತಿಪ್ಪೆಗುಂಡಿಯ ಗ್ಯಾಸು ಒಲೆಗೆ ಬರಲಿ

ಭೂಮಿ ಬಿಸಿಯಾಗುತ್ತಿದೆ ಎಂದು ದಿನವೂ ಕೇಳುತ್ತೇವೆ. ಕಾರ್ಖಾನೆಗಳ ಹೊಗೆ, ಮೋಟಾರು ಗಾಡಿಗಳ ಹೊಗೆ ಇದಕ್ಕೆ ಕಾರಣ ಎಂಬುದೂ ಗೊತ್ತು. ಆದರೆ ನಮ್ಮ ಕೊಟ್ಟಿಗೆ, ಗದ್ದೆಗಳಿಗೂ ಇದರಲ್ಲಿ ಪಾಲುಂಟು ಎಂದರೆ ನೀವು ಹುಬ್ಬೇರಿಸಬಹುದು. ಹೊಗೆಯೇ ಇಲ್ಲದ ಕಡೆ ಈ ಪಾಲು ಎಲ್ಲಿಂದ ಬಂತು?

ಗಾಳಿಯಾಡದ ಒದ್ದೆ ಜಾಗದಲ್ಲಿ ಹುಲ್ಲು ಸೊಪ್ಪು ಸಗಣಿ ಕೊಳೆತರೆ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಅನಿಲವನ್ನು ಹುಟ್ಟಿಸುತ್ತವೆ. ಕಣ್ಣಿಗೆ ಕಾಣದ ಈ ಅನಿಲ ಮೇಲೇರಿ, ಕಂಬಳಿ ಹೊದಿಸಿದ ಹಾಗೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ತೂಕಕ್ಕೆ ತೂಕ ನೋಡಿದರೆ, 100 ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಆದರೆ ಇದರ ಆಯುಸ್ಸು ಸುಮಾರು 12 ವರ್ಷ ಮಾತ್ರ. ಈಗ ಕಡಿಮೆ ಮಾಡಿದರೆ ಫಲವನ್ನು ನಾವೇ ಕಾಣಬಹುದು.

ದನದ ಹೊಟ್ಟೆ

ದನ, ಎಮ್ಮೆ ಮೆಲುಕು ಹಾಕುವಾಗ ತೇಗಿನೊಡನೆ ಮೀಥೇನ್ ಹೊರಬರುತ್ತದೆ. ಇದನ್ನು ಪೂರ್ತಿ ನಿಲ್ಲಿಸಲಾಗದು. ಬರೀ ಒಣಹುಲ್ಲು ಹಾಕದೆ ಹಸಿಮೇವು, ಹಿಂಡಿ, ಖನಿಜ ಮಿಶ್ರಣಗಳನ್ನು ಹದವಾಗಿ ಕೊಟ್ಟರೆ ಹಾಲು ಹೆಚ್ಚುತ್ತದೆ. ಲೀಟರು ಹಾಲಿನ ಲೆಕ್ಕದಲ್ಲಿ ಅನಿಲ ತಗ್ಗುತ್ತದೆ.

ಸಗಣಿ ಗುಂಡಿ

ನೀರು ನಿಂತ ಗುಂಡಿಯಲ್ಲಿ ಸಗಣಿ ಕೊಳೆತರೆ ಮೀಥೇನ್ ಗಾಳಿಪಾಲು. ಅದನ್ನೇ ಹಿಡಿದು ಒಲೆಗೆ ತಂದರೆ ಗೋಬರ್ ಗ್ಯಾಸ್! ಉರಿದ ಮೀಥೇನ್ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿಯಾಗಿ ಅದರ ಉಪಟಳ ಬಹಳ ತಗ್ಗುತ್ತದೆ. ನಾಲ್ಕೈದು ದನಗಳ ಸುಮಾರು 50 ಕಿಲೋ ಸಗಣಿಗೆ ಅಷ್ಟೇ ನೀರು ಕಲಸಿ ದಿನವೂ ಹಾಕಿದರೆ, ಸಣ್ಣ ಸಂಸಾರದ ಅಡಿಗೆ ಆಗುತ್ತದೆ. ಸೌದೆಯ ಹೊಗೆ ಕಣ್ಣಿಗೆ ತಾಗುವುದೂ ತಪ್ಪೀತು. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಅದನ್ನು ಹಾಕಿದಷ್ಟೂ ಯೂರಿಯಾ ಕಡಿಮೆ ಸಾಕು.

ಎರಡು ಮಾತು ನೆನಪಿರಲಿ. ಕೊಳವೆ ಸೋರಿದರೆ ಮೀಥೇನ್ ಮತ್ತೆ ಗಾಳಿಗೇ ಸೇರುತ್ತದೆ. ಸೇರುವೆಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಮಾತ್ರ ನೋಡಬೇಡಿ. ಇನ್ನೊಂದು, ಸಗಣಿ ಹೊರುವುದು, ನೀರು ತರುವುದು, ಕಲಸುವುದು ಎಲ್ಲವೂ ಮನೆಯಾಕೆಯ ತಲೆಗೇ ಬಿದ್ದರೆ ಅದು ಪಾಳು ಬೀಳಲು ಬಹಳ ದಿನ ಬೇಡ. ಕಟ್ಟಿಸುವ ಮುಂಚೆಯೇ ಯಾರ ಕೆಲಸ ಯಾವುದು ಎಂದು ಯಜಮಾನರ ಹತ್ತಿರ ಮಾತಾಡಿಬಿಡಿ.

ಭತ್ತದ ಗದ್ದೆ

ಸದಾ ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ತಾಗುವುದಿಲ್ಲ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇದಕ್ಕೊಂದು ಸುಲಭ ಉಪಾಯ ತೋರಿಸಿದ್ದಾರೆ. ಬುಡದಲ್ಲಿ ತೂತು ಕೊರೆದ ಒಂದಡಿ ಕೊಳವೆಯನ್ನು ಗದ್ದೆಯಲ್ಲಿ ಹೂಳಬೇಕು. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ಕೊಳವೆಯೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಗಿಳಿದಾಗ ಮತ್ತೆ ನೀರು ಕಟ್ಟಿದರಾಯಿತು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಹೀಗೆ ಮಾಡಿದರೆ ಇಳುವರಿ ಕುಗ್ಗದೆ, ಶೇಕಡ 30ರವರೆಗೆ ನೀರು ಉಳಿದೀತು. ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದೀತು. ಕಾಲುವೆಯ ಸರದಿ ನಂಬಿದವರಿಗೆ ಇದು ಕಷ್ಟ, ನಿಜ. ಸ್ವಂತ ಬಾವಿ, ಪಂಪಿನವರಿಗೆ ಕಷ್ಟವೇನಿಲ್ಲ.

ಗದ್ದೆಗೆ ನೀರು ಬಿಡುವವರು ಗಂಡಸರೇ ಇರಬಹುದು. ಹಾಗೆಂದು ಹೇಳಬಾರದೆಂದೇನೂ ಇಲ್ಲವಲ್ಲ! ಊಟಕ್ಕೆ ಕೂತಾಗ ಈ ಕೊಳವೆಯ ವಿಷಯವನ್ನೂ ಒಮ್ಮೆ ಎತ್ತಿ. ಮೊದಲ ವರ್ಷ ಒಂದೇ ಮಡಿಯಲ್ಲಿ ಮಾಡಿ ನೋಡಲಿ.