ಸಂಘ ತೆರೆಯುವ ಮುನ್ನ ನಿಬಂಧನೆ ನೋಡಿ

ಹತ್ತು ಜನ ಕೂಡಿ ಸಂಘ ಕಟ್ಟುವುದು ನಮ್ಮ ನಾಡಿಗೆ ಹೊಸತಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅಂಥ ಸಂಘದ ಬೈಲಾ ಕಾಗದದಲ್ಲಿರುತ್ತದೆ; ಅದನ್ನು ನಡೆಸುವವರು ಅಧ್ಯಕ್ಷರು, ಕಾರ್ಯದರ್ಶಿಗಳು. ಈಚೆಗೆ ಬಂದಿರುವ 'ವಿಕೇಂದ್ರಿತ ಸ್ವಯಂಚಾಲಿತ ಸಂಘ'ದಲ್ಲಾದರೋ ಬೈಲಾವನ್ನು ಕಂಪ್ಯೂಟರಿಗೇ ಬರೆದುಕೊಟ್ಟಿರುತ್ತಾರೆ. ಸದಸ್ಯರ ಮತ ಬಿದ್ದೊಡನೆ ಹಣ ತಾನಾಗಿ ಪಾವತಿಯಾಗುತ್ತದೆ; "ತಾಳಿ" ಎನ್ನಲು ಖಜಾಂಚಿ ಇರಬೇಕೆಂದಿಲ್ಲ. ಆದ್ದರಿಂದ ನಿಬಂಧನೆಗಳನ್ನು ತೆರೆಯುವ ಮುನ್ನವೇ ಪರೀಕ್ಷಿಸಬೇಕು.

ಸಕಲೇಶಪುರ, ಆಲೂರು ಗುಡ್ಡಗಳ ನೂರು ಮಂದಿ ಕಾಫಿ ಬೆಳೆಗಾರರು ಒಣಗಿಸುವ ಕಣಕ್ಕೆಂದು ಇಂಥ ಸಂಘದಲ್ಲಿ ಹಣ ಕೂಡಿಸಿದರೆನ್ನಿ. ಅವರು ಏನೇನು ನೋಡಬೇಕು?

ಮೊದಲನೆಯದು ಮತದ ತೂಕ. ಹಣಕ್ಕೆ ತಕ್ಕ ಮತವೆಂದರೆ, ಅರ್ಧಕ್ಕಿಂತ ಹೆಚ್ಚು ಹಣ ಹಾಕಿದ ಐದು ದೊಡ್ಡ ತೋಟದವರ ಮಾತೇ ತೀರ್ಮಾನ. ಉಳಿದ ತೊಂಬತ್ತೈದು ಮಂದಿ ಬರಿಯ ಸಾಕ್ಷಿಗಳು. ಸಹಕಾರ ಸಂಘದಂತೆ ತಲೆಗೊಂದು ಮತವೆಂದರೆ, ಒಬ್ಬನೇ ನಾಲ್ಕು ಹೆಸರಿನಲ್ಲಿ ಸೇರದಂತೆ ಸದಸ್ಯರ ಪಟ್ಟಿಯನ್ನು ಊರಿನವರೇ ನೋಡಬೇಕು.

ಎರಡನೆಯದು ಕೋರಂ. ಹತ್ತು ಮತ ಸಾಕೆಂದರೆ ಹತ್ತು ಜನರ ಗುಂಪೊಂದು ಗಂಟನ್ನೇ ಎತ್ತಬಹುದು. ಎಂಬತ್ತು ಬೇಕೆಂದರೆ ಯಾವ ಕೆಲಸವೂ ಸಾಗದು.

ಮೂರನೆಯದು ಮತದಾನದ ಅವಧಿ. ಮೂರೇ ದಿನವೆಂದು ಇಟ್ಟರೆ, ಆಷಾಢದ ಜಡಿಮಳೆಯಲ್ಲಿ ಕರೆಂಟು ಹೋದ ಮನೆಯವರ ಗತಿಯೇನು? ಹಣ್ಣು ಕೊಯ್ಯುವ ದಿನಗಳಲ್ಲಿ ಬಿಡುವಾದರೂ ಯಾರಿಗೆ? ಎರಡು ವಾರ ಇಡುವುದು ಲೇಸು.

ನಾಲ್ಕನೆಯದು, ಬಹು ಮುಖ್ಯವಾದುದು, ತಡೆಯ ಅವಧಿ: ಮತ ಗೆದ್ದ ಮೇಲೂ ಹಣ ಕೆಲವು ದಿನ ಕದಲಬಾರದು. 2016ರ ಜೂನಿನಲ್ಲಿ 'ದಿ ಡಿ.ಎ.ಓ.' ಎಂಬ ಸಂಘದ ಕ್ರಮವಿಧಿಯಲ್ಲಿದ್ದ ದೋಷ ಹಿಡಿದು ಒಬ್ಬನು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಸೆಳೆದುಕೊಂಡ. ಆದರೆ ಅವನ್ನು ಸುಮಾರು ನಾಲ್ಕು ವಾರ ಹೊರಗೆ ಒಯ್ಯಲಾಗದೆಂಬ ನಿಯಮವಿತ್ತು. ಆ ಬಿಡುವಿನಲ್ಲಿ ಚರ್ಚೆ ನಡೆದು, ಜುಲೈ 20ರಂದು ಈಥೀರಿಯಂ ಜಾಲದ ಲೆಕ್ಕವನ್ನೇ ತಿದ್ದಿ ಹಣ ಮರಳಿಸಲಾಯಿತು. ಅದನ್ನೊಪ್ಪದವರು ಬೇರೆಯಾದರು, ಜಾಲವೇ ಎರಡಾಯಿತು.

ಕೊನೆಯದಾಗಿ, ಈ ನಿಬಂಧನೆಗಳನ್ನು ಮುಂದೆ ಬದಲಿಸುವವರು ಯಾರು, ಎಷ್ಟು ಮತದಿಂದ ಎಂಬುದನ್ನೂ ಬರೆದಿಡಬೇಕು. ಬಳಿಕ ಅಲ್ಪ ಹಣವಿಟ್ಟು ಒಮ್ಮೆ ನಡೆಸಿ ನೋಡಬೇಕು. ಯಂತ್ರ ಹೇಳಿದ್ದನ್ನು ತಪ್ಪದೆ ಮಾಡುತ್ತದೆ. ಹೇಳಬೇಕಾದ್ದನ್ನು ಯೋಚಿಸುವ ಕೆಲಸ ಮಾತ್ರ ಸದಸ್ಯರದೇ.